14416ಕ್ಕೆ ಫೋನ್ ಮಾಡಿದ್ದು, ಮಂಗಳವಾರದ ಕ್ಲಿನಿಕ್ಕಿಗೆ ಹೋಗಿದ್ದು: ಹದಿನೇಳರ ಮಗನ ತಾಯಿಯ ಅನುಭವ

ಟೆಲಿ ಮಾನಸ್ ಅನ್ನುವ ಸರ್ಕಾರದ ಉಚಿತ ಫೋನ್ ಸೇವೆಗೆ, ಅಂದರೆ 14416 ನಂಬರಿಗೆ, ನಾನು 5ಕ್ಕೆ 5 ಕೊಡುತ್ತೇನೆ. ನಮ್ಮ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋವೈದ್ಯರ ಕ್ಲಿನಿಕ್ಕಿಗೂ ಅಷ್ಟೇ. ಹದಿಹರೆಯದ ಮಕ್ಕಳಿರುವ ಮನೆಯವರು ಓದಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಮಗನ ಹೆಸರು, ಊರು ಹಾಕಿಲ್ಲ. ಅವನಿಗೆ ಓದಲು ಕೊಟ್ಟು, ಅವನು ಸರಿ ಅಂದ ಮೇಲೆಯೇ ಹಾಕುತ್ತಿದ್ದೇನೆ. ಎರಡು ಸಾಲು ಬೇಡ ಅಂದ, ತೆಗೆದಿದ್ದೇನೆ.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಮಗನಿಗೆ 17. ಸೆಕೆಂಡ್ ಪಿಯು ಪರೀಕ್ಷೆ ಮುಗಿದ ವಾರ, ಶನಿವಾರ ರಾತ್ರಿ ಹನ್ನೊಂದೂವರೆಗೆ ಇಬ್ಬರು ಹುಡುಗರು ಅವನನ್ನು ಬೈಕಿನ ಮಧ್ಯೆ ಕೂರಿಸಿಕೊಂಡು ಬಂದು, ಗೇಟಿನ ಹತ್ತಿರ ಇಳಿಸಿ ಹೊರಟೇಹೋದರು. ಶರ್ಟಿನ ತುಂಬಾ ವಾಂತಿ. ಕರೆದರೆ ಹೂಂ ಅನ್ನುತ್ತಾನೆ, ಕಣ್ಣು ಬಿಡುವುದಿಲ್ಲ. ನಮ್ಮನೆಯವರು ಕೂಗಾಡಿದರು. ನಮ್ಮತ್ತೆ ನಿಂಬೆಹಣ್ಣು ಹಿಂಡಿ ಮಜ್ಜಿಗೆ ತಂದರು. ಅವನನ್ನು ಮಗ್ಗುಲಾಗಿ ಮಲಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಬೆಳಗಿನವರೆಗೆ ಪಕ್ಕದಲ್ಲೇ ಕೂತೆ. ಇದೊಂದನ್ನು ಎಲ್ಲರೂ ತಿಳಿದುಕೊಳ್ಳಿ. ಕುಡಿದು ಪ್ರಜ್ಞೆ ಮಂಕಾದವರನ್ನು ಅಂಗಾತ ಮಲಗಿಸಬಾರದು, ವಾಂತಿ ಶ್ವಾಸನಾಳಕ್ಕೆ ಹೋಗಿ ಜೀವಕ್ಕೇ ಕುತ್ತಾಗುತ್ತದೆ. ಆ ಸ್ಥಿತಿಯಲ್ಲಿ ಬಾಯಿಗೆ ಏನನ್ನೂ ಹಾಕಬಾರದು. ಮಜ್ಜಿಗೆ, ನಿಂಬೆರಸ, ತಣ್ಣೀರು ಸ್ನಾನ ಯಾವುದರಿಂದಲೂ ರಕ್ತದಲ್ಲಿರುವ ಆಲ್ಕೊಹಾಲ್ ಬೇಗ ಇಳಿಯುವುದಿಲ್ಲ. ಅಲುಗಾಡಿಸಿದರೂ ಎಚ್ಚರ ಆಗದಿದ್ದರೆ, ಉಸಿರು ನಿಧಾನವಾದರೆ, ಮೈ ತಣ್ಣಗಾದರೆ ನಾಳೆ ನೋಡೋಣ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಬೆಳಿಗ್ಗೆ ಕೇಳಿದೆ, ಎಷ್ಟು ಕುಡಿದೆ ಅಂತ.

"ಜಾಸ್ತಿ ಇಲ್ಲಮ್ಮ. ಒಂದು ಬಿಯರ್, ಆಮೇಲೆ ಒಂದು ನೈಂಟಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಅವನ ಲೆಕ್ಕದಲ್ಲಿ ಅದು ಕಮ್ಮಿ. ಪೇಪರ್ ತೆಗೆದುಕೊಂಡು ಅವನೆದುರಿಗೇ ಲೆಕ್ಕ ಹಾಕಿದೆ. 650 ಎಂಎಲ್ ಸ್ಟ್ರಾಂಗ್ ಬಿಯರ್, ಶೇಕಡಾ 8 ಅಂತ ಇಟ್ಟುಕೊಂಡರೆ, ಸುಮಾರು 41 ಗ್ರಾಂ ಶುದ್ಧ ಆಲ್ಕೊಹಾಲ್. 90 ಎಂಎಲ್ ವಿಸ್ಕಿ ಪ್ಯಾಕೆಟ್, ಶೇಕಡಾ 42.8, ಅದರಲ್ಲಿ 30 ಗ್ರಾಂ. ಒಟ್ಟು 71. ನಮ್ಮಲ್ಲಿ ಒಂದು ಯೂನಿಟ್ ಅಂದರೆ 10 ಗ್ರಾಂ, ಅಂದರೆ 30 ಎಂಎಲ್‌ನ ಒಂದು ಸಣ್ಣ ಪೆಗ್. ಹಾಗಾದರೆ ಆ ಒಂದು ಬಿಯರ್ರೇ ನಾಲ್ಕು ಪೆಗ್ಗಿಗೆ ಸಮ. ಒಟ್ಟು ಏಳು ಪೆಗ್, ಒಂದೂವರೆ ಗಂಟೆಯಲ್ಲಿ, 52 ಕೆಜಿ ತೂಕದ ಹುಡುಗನ ಮೈಯಲ್ಲಿ. ಲಿವರ್ ಗಂಟೆಗೆ ಹೆಚ್ಚುಕಮ್ಮಿ ಒಂದು ಯೂನಿಟ್ ಕರಗಿಸುತ್ತದೆ, ಅದಕ್ಕಿಂತ ಬೇಗ ಮಾಡಿಸಲು ದಾರಿ ಇಲ್ಲ. ಅವನು ಮುಖ ತಗ್ಗಿಸಿದ. ನಾನು ಇನ್ನೊಂದು ಪ್ರಶ್ನೆ ಕೇಳಿದೆ, ಇದು ಎಷ್ಟನೇ ಸಲ? ದಸರಾದಿಂದ ಶುರುವಾಗಿತ್ತಂತೆ. ಎರಡು ವಾರಕ್ಕೋ ಮೂರು ವಾರಕ್ಕೋ ಒಮ್ಮೆ, ಶನಿವಾರ. ಉಳಿದ ದಿನ ಏನೂ ಇಲ್ಲ.

ಇವರಿಗೆ ಮಾರಿದವರು ಯಾರು ಅನ್ನುವುದು ಬೇರೆ ಮಾತು. ಕರ್ನಾಟಕದ ಅಬಕಾರಿ ನಿಯಮದಲ್ಲಿ ವಯಸ್ಸು 21. ಅದನ್ನು 18ಕ್ಕೆ ಇಳಿಸುವ ಕರಡು 2023ರ ಜನವರಿಯಲ್ಲಿ ಬಂದು, ಜನ ವಿರೋಧಿಸಿದ ಮೇಲೆ ವಾಪಸ್ಸಾಯಿತು. 18 ತುಂಬದ ಮಕ್ಕಳಿಗೆ ಮದ್ಯ ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಶಿಕ್ಷೆ ಇದೆ. ಆದರೂ ಅಂಗಡಿಯಲ್ಲಿ ಯಾರೂ ಇವರ ವಯಸ್ಸು ಕೇಳಿರಲಿಲ್ಲ.

ಭಾನುವಾರ ಸಂಜೆಯೊಳಗೆ ನೆಂಟರಿಗೆಲ್ಲ ಸುದ್ದಿ. ಒಬ್ಬರು ಒಂದು ಖಾಸಗಿ ಮದ್ಯವರ್ಜನ ಕೇಂದ್ರದ ನಂಬರ್ ಕೊಟ್ಟರು. ಹೆಸರು ಬೇಡ. ಫೋನ್ ಎತ್ತಿದವರು ವಯಸ್ಸು ಕೇಳಲಿಲ್ಲ, ಎಷ್ಟು ಕುಡಿಯುತ್ತಾನೆ ಅಂತಲೂ ಕೇಳಲಿಲ್ಲ. "ಮೂರು ತಿಂಗಳು ಬಿಡಿ ಮೇಡಂ. ಅಡ್ವಾನ್ಸ್ ಹಾಕಿದರೆ ರಾತ್ರಿ ಗಾಡಿ ಕಳಿಸ್ತೀವಿ. ಮಲಗಿದ್ದಾಗ ಎತ್ತಿಕೊಂಡು ಬರ್ತೀವಿ. ಮೊದಲ ತಿಂಗಳು ನೀವು ಮಾತಾಡಿಸೋ ಹಾಗಿಲ್ಲ." ಕೇಳಿ ನನ್ನ ಕೈ ತಣ್ಣಗಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತದ ಸಮಸ್ಯೆಗೂ ಅನ್ವಯಿಸುತ್ತದೆ. ಅದರ ಪ್ರಕಾರ ಅಪ್ರಾಪ್ತರನ್ನು ದಾಖಲು ಮಾಡಬೇಕಾದರೆ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ ಅಗತ್ಯ ಇದೆ ಅನ್ನಬೇಕು. ದೊಡ್ಡವರಿಂದ ಬೇರೆ ಇಡಬೇಕು, ಮನೆಯವರೊಬ್ಬರು ಪೂರ್ತಿ ಸಮಯ ಜೊತೆಗಿರಬೇಕು, ಪರಿಶೀಲನಾ ಮಂಡಳಿಗೆ 72 ಗಂಟೆಯೊಳಗೆ ತಿಳಿಸಬೇಕು. ರಾತ್ರಿ ಎತ್ತಿಕೊಂಡು ಹೋಗುವುದು ಚಿಕಿತ್ಸೆಯಲ್ಲ. ಯಾರಾದರೂ ನಿಮಗೆ ಹೀಗೆ ಹೇಳಿದರೆ ಫೋನ್ ಇಟ್ಟುಬಿಡಿ.

ಹಾಗೆ ಇಟ್ಟ ಮೇಲೆ 14416 ಒತ್ತಿದೆ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಆ ಪೋಸ್ಟರ್ ಇತ್ತು, ಪರೀಕ್ಷೆಯ ಒತ್ತಡಕ್ಕೆ ಅಂತ ಮಕ್ಕಳಿಗೆ ನಾನೇ ತೋರಿಸಿದ್ದೆ. 2022ರ ಅಕ್ಟೋಬರ್ 10ರಂದು ಶುರುವಾದ ಸೇವೆ. ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದಿನದ 24 ಗಂಟೆ, ಪೂರ್ತಿ ಉಚಿತ. ಮೊದಲು ಭಾಷೆ ಆರಿಸಿಕೊಳ್ಳಲು ಹೇಳುತ್ತದೆ, ಕನ್ನಡ ಒತ್ತಿದೆ. ಮಾತಾಡಿದ ಕೌನ್ಸೆಲರ್ ಒಬ್ಬ ಹೆಣ್ಣುಮಗಳು, ದನಿ ಕೇಳಿದರೆ ಉತ್ತರ ಕರ್ನಾಟಕದ ಕಡೆಯವರು. ನಾನು ಐದು ನಿಮಿಷ ಒಂದೇ ಉಸಿರಿಗೆ ಹೇಳಿದೆ, ಮಧ್ಯೆ ಅಳುವೂ ಬಂತು. ಅವರು ತಡೆಯಲಿಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆಗಳಿಗಾಗಿಯೇ ಈ ಸೇವೆಗೆ ಪೂರ್ತಿ ಅಂಕ. ಈಗ ಅವನು ಹೇಗಿದ್ದಾನೆ, ನೀರು ಕುಡಿದನಾ, ಒಬ್ಬನೇ ಇದ್ದಾನಾ. ಸಾಯಬೇಕು ಅನ್ನುವ ಮಾತು ಯಾವತ್ತಾದರೂ ಆಡಿದ್ದಾನಾ. ಈ ಪ್ರಶ್ನೆಯನ್ನು ಅವರು ಸುತ್ತಿ ಬಳಸಿ ಕೇಳಲಿಲ್ಲ. ನೀವೂ ನೇರವಾಗಿಯೇ ಕೇಳಿ, ಕೇಳಿದರೆ ಇಲ್ಲದ ಯೋಚನೆ ಬರುವುದಿಲ್ಲ ಅಂದರು. ಕೊನೆಗೆ ನಾನು ಯೋಚಿಸಿಯೇ ಇರದ ಒಂದನ್ನು ಕೇಳಿದರು. "ಕುಡಿಯದೇ ಇರೋ ದಿನ ಹೇಗಿರ್ತಾನ್ರಿ? ಸೋಮವಾರ, ಮಂಗಳವಾರ?"

ಸುಮ್ಮನಾಗಿಬಿಟ್ಟೆ. ಆರು ತಿಂಗಳಿಂದ ನಾವು ಬೈಯುತ್ತಿದ್ದದ್ದು ಆ ದಿನಗಳಿಗೇ. ರಾತ್ರಿ ಮೂರರವರೆಗೆ ನಿದ್ದೆ ಇಲ್ಲ. ಅಜ್ಜಿ ಊಟಕ್ಕೆ ಕರೆದರೆ ಸಿಡುಕು. ಒಂದು ಸೋಮವಾರ ತಟ್ಟೆ ತಳ್ಳಿ ಎದ್ದುಹೋಗಿದ್ದ. ಪರೀಕ್ಷೆಯ ಟೆನ್ಷನ್ ಅಂದುಕೊಂಡೆವು, ಮೊಬೈಲ್ ಅಂದುಕೊಂಡೆವು, ಮೊಬೈಲ್ ಕಿತ್ತೂ ಇಟ್ಟೆವು.

ಆ ಪ್ರಶ್ನೆ ನನ್ನನ್ನು ಪುಸ್ತಕ, ಲೇಖನಗಳ ಕಡೆ ಕಳಿಸಿತು. ಓದಿದ್ದನ್ನು ಇಲ್ಲಿ ಬರೆಯಬೇಕು, ಯಾಕೆಂದರೆ ಇದು ಗೊತ್ತಾಗದೆ ಆ ಸೇವೆಯವರು ಮಾಡಿದ ಕೆಲಸದ ಬೆಲೆ ಗೊತ್ತಾಗುವುದಿಲ್ಲ.

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ಸಿರೊಟೋನಿನ್ ಒಂದು, ಅದನ್ನು ಮಾಡುವ ಕೋಶಗಳು ಕೆಲವೇ ಲಕ್ಷ. ಅವೆಲ್ಲ ಮಿದುಳಿನ ಕಾಂಡದ ನಡುಗೆರೆಯಲ್ಲಿ, ರಾಫೆ ಅನ್ನುವ ಜಾಗದಲ್ಲಿ ಗುಂಪಾಗಿವೆ. ನಮ್ಮೂರ ಕೆರೆ ನೆನಪಿಸಿಕೊಳ್ಳಿ. ತೂಬು ಒಂದೇ, ಚಿಕ್ಕದು. ಆದರೆ ಅಲ್ಲಿಂದ ಹೊರಟ ಕಾಲುವೆ ಊರಿನ ಎಲ್ಲ ಗದ್ದೆಗೂ ಹೋಗುತ್ತದೆ. ಹಾಗೆಯೇ ರಾಫೆಯಿಂದ ಹೊರಟ ತಂತುಗಳು ಮಿದುಳಿನ ಬಹುಪಾಲು ಎಲ್ಲ ಭಾಗಕ್ಕೂ ಹರಡಿಕೊಂಡಿವೆ. ನಿದ್ದೆ, ಹಸಿವು, ಮನಸ್ಸಿನ ಸ್ಥಿತಿ, ಕೋಪ ಬಂದಾಗ ಒಂದು ಕ್ಷಣ ತಡೆಯುವ ಶಕ್ತಿ, ಎಲ್ಲದರಲ್ಲೂ ಅದರ ಕೈ ಇದೆ. ತೂಬಿನಲ್ಲಿ ಹೂಳು ತುಂಬಿದರೆ ಯಾವುದೋ ಒಂದು ಗದ್ದೆ ಮಾತ್ರ ಒಣಗುವುದಿಲ್ಲ, ಅಲ್ವಾ?

ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಫುಲ್ಟನ್ ಕ್ರೂಸ್, ರಯನ್ ವೆಟ್ರೆನೋ ಮತ್ತು ಅವರ ಜೊತೆಯವರು ಇಲಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಇಲಿಯ ಹದಿಹರೆಯ ಅಂದರೆ ಹುಟ್ಟಿದ 25ನೇ ದಿನದಿಂದ ಹೆಚ್ಚುಕಮ್ಮಿ 55ನೇ ದಿನದವರೆಗೆ. ಆ ಅವಧಿಯಲ್ಲಿ ಎರಡು ದಿನ ಆಲ್ಕೊಹಾಲ್ ಕೊಡುವುದು, ಎರಡು ದಿನ ಬಿಡುವುದು, ಮತ್ತೆ ಎರಡು ದಿನ ಕೊಡುವುದು. ಆಮೇಲೆ ಪೂರ್ತಿ ನಿಲ್ಲಿಸಿ, ಇಲಿ ದೊಡ್ಡದಾದ ಮೇಲೆ ಮಿದುಳು ನೋಡುವುದು. ನಾನು ಇದನ್ನು ಓದುತ್ತಾ ಎರಡು ದಿನ ಕೊಡುವುದು, ಎರಡು ದಿನ ಬಿಡುವುದು ಅನ್ನುವ ಸಾಲಿನಲ್ಲೇ ನಿಂತುಬಿಟ್ಟೆ. "ವಾರವೆಲ್ಲಾ ಮುಟ್ಟಲ್ಲ, ಶನಿವಾರ ಅಷ್ಟೇ" ಅಂತ ನಮ್ಮ ಮಕ್ಕಳು ಹೇಳಿಕೊಳ್ಳುವ ಸಮಾಧಾನ ಇದೇ ತಾನೇ.

2017ರಲ್ಲಿ ಅವರು ಪ್ರಕಟಿಸಿದ್ದು ಇದು. ಹಾಗೆ ಬೆಳೆದ ಇಲಿಗಳ ರಾಫೆಯಲ್ಲಿ ಸಿರೊಟೋನಿನ್ ಇರುವ ನರಕೋಶಗಳು ಕಮ್ಮಿ ಕಂಡವು, ಅದೂ ಕುಡಿತ ನಿಂತು ವಾರಗಳಾದ ಮೇಲೆ. ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆಯಲ್ಲಿ ಟ್ರಿಪ್ಟೊಫ್ಯಾನ್ ಅಂತ ಒಂದು ಅಂಶ ಇದೆ. ಅದನ್ನು ಮಿದುಳಿನಲ್ಲಿ ಸಿರೊಟೋನಿನ್ ಮಾಡುವ ಕೆಲಸ ಶುರುಮಾಡುವ ಕಿಣ್ವವೂ ಆ ಇಲಿಗಳಲ್ಲಿ ಇಳಿದಿತ್ತು. ಜೊತೆಗೆ ಮಿದುಳಿನಲ್ಲಿ ಉರಿಯೂತದ ಗುರುತುಗಳು ಏರಿದ್ದವು. ಮೈಗೆ ಗಾಯವಾದರೆ ಕೆಂಪಾಗಿ ಊದಿಕೊಳ್ಳುತ್ತದಲ್ಲ, ಆ ರಕ್ಷಣೆಯ ವ್ಯವಸ್ಥೆ ಮಿದುಳಿನೊಳಗೆ ಎಚ್ಚೆತ್ತು, ಮಲಗದೆ ಉಳಿದುಬಿಟ್ಟ ಹಾಗೆ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲೂ ಹಾಗೇ ಆಗುತ್ತದೆ ಅಂತ ಯಾರೂ ಹೇಳಬಾರದು. ನಾನೂ ಹೇಳುತ್ತಿಲ್ಲ. ಆದರೆ ಮನುಷ್ಯರ ಕಡೆಯ ಒಂದು ಲೆಕ್ಕ ನನ್ನನ್ನು ಬಿಡಲಿಲ್ಲ. 1990ರ ದಶಕದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ, 15 ತುಂಬುವ ಮೊದಲೇ ಕುಡಿಯಲು ಶುರುಮಾಡಿದವರಲ್ಲಿ ನೂರಕ್ಕೆ ಸುಮಾರು 40 ಜನ ಜೀವನದಲ್ಲಿ ಯಾವಾಗಲಾದರೂ ಮದ್ಯಕ್ಕೆ ದಾಸರಾಗಿದ್ದರು. 20 ದಾಟಿದ ಮೇಲೆ ಶುರುಮಾಡಿದವರಲ್ಲಿ ಅದು ಸುಮಾರು 10. ಬೇಗ ಶುರುಮಾಡುವ ಮಕ್ಕಳ ಮನೆಯ ಪರಿಸ್ಥಿತಿ, ಸ್ವಭಾವ ಎಲ್ಲವೂ ಅದರಲ್ಲಿ ಸೇರಿದೆ, ಬರೀ ಮಿದುಳಿನ ಮಾತಲ್ಲ. ಆದರೂ ಆ ಅಂತರ ಸಣ್ಣದಲ್ಲ.

ಇನ್ನೊಂದು ವಿಷಯ ನನಗೆ ಹೊಸದಾಗಿತ್ತು. ಹದಿಹರೆಯದ ಪ್ರಾಣಿಗಳಿಗೆ ಆಲ್ಕೊಹಾಲಿನಿಂದ ತೂರಾಟ, ನಿದ್ದೆ ಬೇಗ ಬರುವುದಿಲ್ಲ, ದೊಡ್ಡವಕ್ಕೆ ಬರುತ್ತದೆ. ಲಿಂಡಾ ಸ್ಪಿಯರ್ ಅನ್ನುವ ವಿಜ್ಞಾನಿ ಇದನ್ನು ಇಲಿಗಳಲ್ಲಿ ವಿವರವಾಗಿ ತೋರಿಸಿದ್ದಾರೆ. ಅಂದರೆ ಸಾಕು ನಿಲ್ಲಿಸು ಅನ್ನುವ ಗಂಟೆ ತಡವಾಗಿ ಹೊಡೆಯುತ್ತದೆ. ಹುಡುಗರ ಗುಂಪಿನಲ್ಲಿ "ನಂಗೆ ಏರೋದೇ ಇಲ್ಲ ಮಗಾ" ಅನ್ನುವುದು ಹೆಮ್ಮೆಯ ಮಾತು. ಏರಿದ್ದು ಗೊತ್ತಾಗದೇ ಇರುವುದರಿಂದಲೇ ಅವರು ಇನ್ನೊಂದು ಪ್ಯಾಕೆಟ್ ತೆರೆಯುವುದು.

ಸರಿ, ಸೇವೆಯ ಮಾತಿಗೆ ಬರುತ್ತೇನೆ. ಕೌನ್ಸೆಲರ್ ಮೊದಲ ದಿನವೇ ಇವನನ್ನು ಕುಡುಕ ಅನ್ನಲಿಲ್ಲ. ಏನೂ ಆಗಿಲ್ಲ ಬಿಡಿ, ವಯಸ್ಸು ಅಂತಲೂ ಅನ್ನಲಿಲ್ಲ. ನಮ್ಮ ಸಮಾಜದಲ್ಲಿ ಈ ಎರಡೇ ಮಾತು ಇರುವುದು. ದಿನಾ ಕುಡಿದು ಚರಂಡಿಯಲ್ಲಿ ಬಿದ್ದರೆ ಕುಡುಕ, ಇಲ್ಲದಿದ್ದರೆ ಹುಡುಗಾಟ. ಇವೆರಡರ ನಡುವೆ ಇರುವ ಸಾವಿರಾರು ಮಕ್ಕಳಿಗೆ ಹೋಗಲು ಜಾಗ ಎಲ್ಲಿದೆ? ಆ ಜಾಗ ನನಗೆ ಈ ಫೋನಿನಲ್ಲಿ ಸಿಕ್ಕಿತು. ಎರಡು ಗಂಟೆಯೊಳಗೆ ದೊಡ್ಡ ಗಂಡಸರು ಐದು ಡ್ರಿಂಕ್, ಹೆಂಗಸರು ನಾಲ್ಕು ಕುಡಿದರೆ ಅಮೆರಿಕದ ಸರ್ಕಾರಿ ಸಂಸ್ಥೆ ಅದನ್ನು ಬಿಂಜ್ ಅನ್ನುತ್ತದೆ, ರಕ್ತದಲ್ಲಿ 100 ಎಂಎಲ್‌ಗೆ 80 ಮಿಲಿಗ್ರಾಂ ಮುಟ್ಟುವ ಮಟ್ಟ ಅದು. ಗಾಡಿ ಓಡಿಸಲು ನಮ್ಮ ದೇಶದ ಮಿತಿ 30. ಅವರ ಒಂದು ಡ್ರಿಂಕ್ 14 ಗ್ರಾಂ, ಐದಕ್ಕೆ 70. ನನ್ನ ಮಗನ "ಜಾಸ್ತಿ ಇಲ್ಲಮ್ಮ" 71. ಇನ್ನೂ ಚಿಕ್ಕ ಹುಡುಗರಿಗೆ, ಹದಿಹರೆಯದ ಹುಡುಗಿಯರಿಗೆ ಮೂರು ಡ್ರಿಂಕ್ ಸಾಕು ಆ ಮಟ್ಟ ಮುಟ್ಟಲು.

ಎರಡನೇ ಕರೆಯಲ್ಲಿ ಅವರು ಮಗನ ಜೊತೆ ಒಬ್ಬನೇ ಇರುವಾಗ ಮಾತಾಡಬೇಕು ಅಂದರು. ನಾನು ಹಿತ್ತಿಲಿಗೆ ಹೋದೆ. ಇಪ್ಪತ್ತು ನಿಮಿಷ. ಏನು ಮಾತಾಡಿದರು ಅಂತ ಇವತ್ತಿಗೂ ಪೂರ್ತಿ ಗೊತ್ತಿಲ್ಲ, ನಾನು ಕೇಳಿಯೂ ಇಲ್ಲ. ಆಮೇಲೆ ಅವನು ಬಂದು "ಅವರು ಬೈಲಿಲ್ಲಮ್ಮ" ಅಂದ. ಅಷ್ಟೇ.

ಅವರೇ ಮಂಗಳವಾರದ ಕ್ಲಿನಿಕ್ ಹೇಳಿದ್ದು. ಮನೋಚೈತನ್ಯ ಅನ್ನುವ ರಾಜ್ಯ ಸರ್ಕಾರದ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಇಷ್ಟು ವರ್ಷ ಅದೇ ಆಸ್ಪತ್ರೆಯ ಮುಂದೆ ಬಸ್ ಹತ್ತಿ ಇಳಿದಿದ್ದೇನೆ, ಗೊತ್ತೇ ಇರಲಿಲ್ಲ. ಹೊರರೋಗಿ ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತೆವು. ಪರಿಚಯದವರು ನೋಡುತ್ತಾರೆ ಅಂತ ಅವನು ಟೋಪಿ ಹಾಕಿಕೊಂಡಿದ್ದ. ಡಾಕ್ಟರ್ ತೂಕ, ಬಿಪಿ ನೋಡಿದರು, ರಕ್ತಪರೀಕ್ಷೆ ಬರೆದರು. ಎಷ್ಟು, ಯಾವಾಗ, ಯಾರ ಜೊತೆ, ಕುಡಿಯುವ ಮೊದಲು ಮನಸ್ಸು ಹೇಗಿರುತ್ತದೆ, ಮಾರನೇ ದಿನ ಹೇಗಿರುತ್ತದೆ, ಎಲ್ಲ ಕೇಳಿದರು. ಖಿನ್ನತೆ ಇದೆಯಾ ಅಂತ ಬೇರೆಯಾಗಿ ನೋಡಿದರು.

ಅಷ್ಟರಲ್ಲಿ ನಾನು ಓದಿದ್ದನ್ನೆಲ್ಲ ಮಗನಿಗೂ ಹೇಳಿದ್ದೆನಲ್ಲ, ಅವನು ನೇರವಾಗಿ ಕೇಳಿದ. "ಸರ್, ನನ್ನ ಸಿರೊಟೋನಿನ್ ಟೆಸ್ಟ್ ಮಾಡಿಸಬಹುದಾ? ಮಾತ್ರೆ ಕೊಡ್ತೀರಾ?" ಡಾಕ್ಟರ್ ಅವನನ್ನು ದೊಡ್ಡವರ ಹಾಗೆ ಕೂರಿಸಿಕೊಂಡು ವಿವರಿಸಿದರು. ಮೈಯಲ್ಲಿರುವ ಸಿರೊಟೋನಿನ್‌ನಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಇರುವುದು ಕರುಳಿನಲ್ಲಿ. ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಹಾಗಾಗಿ ರಕ್ತಪರೀಕ್ಷೆಯಿಂದ ಮಿದುಳಿನ ಸ್ಥಿತಿ ತಿಳಿಯುವುದಿಲ್ಲ. ಬಾಳೆಹಣ್ಣು ತಿಂದರೆ ಸಿರೊಟೋನಿನ್ ಏರುತ್ತದೆ ಅನ್ನುವ ವಾಟ್ಸಾಪ್ ಮೆಸೇಜಿಗೂ ಇದೇ ಉತ್ತರ, ಹಣ್ಣಿನಲ್ಲಿರುವುದು ಮಿದುಳಿಗೆ ಹೋಗುವುದಿಲ್ಲ. ಸಿರೊಟೋನಿನ್ ಮೇಲೆ ಕೆಲಸ ಮಾಡುವ ಮಾತ್ರೆಗಳು ಖಿನ್ನತೆ ಇರುವವರಿಗೆ, ಡಾಕ್ಟರ್ ನಿಗಾದಲ್ಲಿ. ನಿನಗೆ ಈಗ ಬೇಡ ಅಂದರು. ಒಂದು ಮಾತ್ರೆಯನ್ನೂ ಬರೆಯದೆ ಅರ್ಧ ಗಂಟೆ ಕೊಟ್ಟ ಡಾಕ್ಟರನ್ನು ನಾನು ನೋಡಿದ್ದು ಕಮ್ಮಿ.

ವಾಂತಿಗೆ ಕೊಡುವ ಆಂಡಾನ್ಸೆಟ್ರಾನ್ ಮಾತ್ರೆ ಎಲ್ಲರ ಮನೆಯಲ್ಲೂ ಇರುತ್ತದೆ. ಅದು ಸಿರೊಟೋನಿನ್ನಿನ ಒಂದು ಬಗೆಯ ಗ್ರಾಹಿಯನ್ನು, ಅಂದರೆ ಸಿರೊಟೋನಿನ್ ಬಂದು ಕೂರುವ ಕೋಶದ ಮೇಲಿನ ಜಾಗವನ್ನು, ತಡೆಯುವ ಔಷಧ. ಚಿಕ್ಕ ವಯಸ್ಸಿನಲ್ಲೇ ಕುಡಿತದ ಸಮಸ್ಯೆಗೆ ಬಿದ್ದ ದೊಡ್ಡವರಲ್ಲಿ ಅದು ಕುಡಿತ ಕಮ್ಮಿ ಮಾಡಿತು ಅಂತ 2000ದಲ್ಲಿ ಬ್ಯಾಂಕೋಲೆ ಜಾನ್ಸನ್ ಅವರ ತಂಡ ತೋರಿಸಿತ್ತು. ತಡವಾಗಿ ಶುರುವಾದವರಲ್ಲಿ ಆ ಪ್ರಯೋಜನ ಕಾಣಲಿಲ್ಲ. ಇದನ್ನು ಓದಿ ಯಾರೂ ಮಕ್ಕಳಿಗೆ ಆ ಮಾತ್ರೆ ಕೊಡಬೇಡಿ. ಬೇಗ ಶುರುವಾದ ಕುಡಿತಕ್ಕೂ ಸಿರೊಟೋನಿನ್‌ಗೂ ಏನೋ ನಂಟಿದೆ ಅನ್ನುವುದಕ್ಕೆ ಇದೂ ಒಂದು ಸುಳಿವು, ಅದಕ್ಕೆ ಹೇಳಿದೆ.

ಡಾಕ್ಟರ್ ಕೊಟ್ಟ ಸಲಹೆ ಮೂರು ಮಾತಿನಲ್ಲಿ ಮುಗಿಯುತ್ತದೆ. ಮಲಗುವ ಹೊತ್ತು ಸರಿ ಮಾಡು. ಶನಿವಾರ ಸಂಜೆಗೆ ಬೇರೆ ಕೆಲಸ ಇಟ್ಟುಕೋ. ದಿನಾ ಬೆಳಿಗ್ಗೆ ಓಡು. ಓಡುವುದಕ್ಕೆ ಅವರು ಕೊಟ್ಟ ಕಾರಣ ನಿದ್ದೆ ಮತ್ತು ಮನಸ್ಸು. ನನಗೆ ಇನ್ನೊಂದು ಕಾರಣ ಗೊತ್ತಿತ್ತು. ಅದೇ 2017ರ ಪ್ರಯೋಗದಲ್ಲಿ ಒಂದು ಗುಂಪಿನ ಇಲಿಗಳ ಗೂಡಿಗೆ ಓಡುವ ಚಕ್ರ ಇಟ್ಟಿದ್ದರು. ತಾವಾಗಿಯೇ ಓಡಿದ ಆ ಇಲಿಗಳಲ್ಲಿ ಸಿರೊಟೋನಿನ್ ಕೋಶಗಳು ಕಮ್ಮಿಯಾಗಲಿಲ್ಲ, ಉರಿಯೂತವೂ ಏರಲಿಲ್ಲ. ಇದನ್ನು ಓದಿದ ರಾತ್ರಿ ನಾನು ಬಹಳ ದಿನಗಳ ನಂತರ ನಿದ್ದೆ ಮಾಡಿದೆ. ಮಗನಿಗೂ ಹೇಳಿದೆ. ಓಡಿದರೆ ಶನಿವಾರ ಕುಡಿಯಬಹುದು ಅಂತಲ್ಲ ಕಣೋ, ನಿನ್ನ ಮಿದುಳು ಇನ್ನೂ ಕಟ್ಟಿಕೊಳ್ಳುತ್ತಿದೆ, ಮುಂಭಾಗ ಪೂರ್ತಿ ಬೆಳೆಯಲು ಇಪ್ಪತ್ತೈದರ ಹತ್ತಿರ ಹೋಗುತ್ತದೆ, ಕಟ್ಟುವ ಕಾಲದಲ್ಲಿ ಒಳ್ಳೆಯದು ಮಾಡಿದರೆ ಅದೂ ನಿಲ್ಲುತ್ತದೆ ಅಂತ.

ನಮ್ಮನೆಯವರು ಈಗ ಅವನ ಜೊತೆ ಜೂನಿಯರ್ ಕಾಲೇಜ್ ಮೈದಾನಕ್ಕೆ ಹೋಗುತ್ತಾರೆ. ಮೊದಲ ವಾರ ಇಬ್ಬರೂ ಮಾತಾಡದೇ ಓಡುತ್ತಿದ್ದರು. ಈಗ ಬರುವಾಗ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದು ಬರುತ್ತಾರೆ, ನನಗೂ ಒಂದು ಕಟ್ಟಿಸಿಕೊಂಡು.

ಎಲ್ಲ ಸರಿಹೋಯಿತು ಅಂತ ಬರೆಯಲಾರೆ. ಗಣೇಶ ಬಿಡುವ ದಿನ ಮತ್ತೆ ಕುಡಿದು ಬಂದ, ಒಂದು ಬಿಯರ್. ನಾನು ಬಾಯಿ ಬಿಡುವ ಮೊದಲೇ ಮಾರನೇ ದಿನ ಅವನೇ 14416ಕ್ಕೆ ಮಾಡಿದ್ದಾನೆ. ಈ ಸಲ ಮಾತಾಡಿದವರು ಬೇರೆ ಕೌನ್ಸೆಲರ್, ಅವರೂ ಅಷ್ಟೇ ಸಮಾಧಾನದಿಂದ ಕೇಳಿಸಿಕೊಂಡರಂತೆ. ಜಾರಿದ್ದನ್ನು ಹೇಳಲು ಮಗುವಿಗೆ ಒಂದು ನಂಬರ್ ಇದೆ ಅನ್ನುವುದೇ ನನಗೆ ದೊಡ್ಡದು.

ಕರೆ ಮಾಡುವವರಿಗೆ ಎರಡು ಮಾತು. ಇದು ಮಾತಿನ ಸಹಾಯ, ಆಂಬುಲೆನ್ಸ್ ಅಲ್ಲ, ಪ್ರಾಣಕ್ಕೆ ತೊಂದರೆ ಇದ್ದರೆ 108. ಮತ್ತೆ, ಫೋನ್ ಮಾಡುವ ಮೊದಲು ಎಷ್ಟು ಎಂಎಲ್, ಎಷ್ಟು ಹೊತ್ತಿನಲ್ಲಿ, ವಾರದಲ್ಲಿ ಎಷ್ಟು ದಿನ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸೋಮವಾರ ಹೇಗಿರುತ್ತಾನೆ ಅನ್ನುವುದನ್ನೂ ಬರೆಯಿರಿ.

ಮುಂದಿನ ಮಂಗಳವಾರ ಮತ್ತೆ ಕ್ಲಿನಿಕ್ ಇದೆ. ನಾನು ಕಾಲೇಜಿಗೆ ರಜೆ ಹಾಕುತ್ತೇನೆ ಅಂದೆ. "ಬೇಡಮ್ಮ, ಚೀಟಿ ನಾನೇ ಮಾಡಿಸ್ತೀನಿ, ನೀನು ಕ್ಲಾಸ್ ಮುಗಿಸಿಕೊಂಡು ಬಾ" ಅಂದಿದ್ದಾನೆ.